ನಾಲ್ಕು ಅಗಲ ಟಾಯರು, ಒಂದು ಇಟ್ಟಿಗೆ

ನೂರಾ ನಲವತ್ತು ರೂಪಾಯಿ. ನಾಲ್ಕು ಮೋಟಾರು ಟಾಯರಿಗೆ ನನ್ನ ಕೈಯಿಂದ ಹೋದ ರೋಖ ಅಷ್ಟು. ಕಾರವಾರದ ಪೇಟೆಯಲ್ಲಿ ಹಗ್ಗ, ಮೊಳೆ, ದೋಣಿಗೆ ಬಳಿಯುವ ಡಾಂಬರು ಮಾರಿಕೊಂಡು ಸುಖವಾಗಿದ್ದವನು ನಾನು. ಬಾಡಿಗೆ ಕಾರಿನ ಮಾಲೀಕನೊಬ್ಬ "ಅಗಲದ್ದೇ ಬೇಕು ಸಾವಕಾರ್ರೇ, ಈಗಿನ ಫ್ಯಾಶನ್ನು" ಎಂದು ಮುಂಬಯಿಯಿಂದ ತರಿಸಲು ಹೇಳಿದ. ಟಾಯರು ಆಗಬೋಟಿನಿಂದ ಇಳಿಯುವಷ್ಟರಲ್ಲಿ ಅವನು ಮೋಟಾರು ಮಾರಿ ಹೆಂಡತಿಯ ತವರಿಗೆ ಹೋಗಿ ಕೂತಿದ್ದ.

ನಮ್ಮ ಸಮುದ್ರದ ಗಾಳಿಗೆ ರಬ್ಬರು ಬಹಳ ದಿನ ಬಾಳುವುದಿಲ್ಲ, ಬಿರುಕು ಬಿಡುತ್ತದೆ. ಅದಕ್ಕಿಂತ ಮೊದಲು ಅವನ್ನು ದಾಟಿಸಬೇಕು. ಮೇಲಿಂದ ನನ್ನ ಮನೆಯವಳ ಕಾಟ: "ಆ ಮೂಲೆ ಖಾಲಿ ಆದ್ರೆ ಮಾವಿನಮಿಡಿ ಭರಣಿ ಇಡೂದಿತ್ತು. ಉಪ್ಪಿನಕಾಯಿಯನ್ನಾದರೂ ಜನ ಕೇಳಿಕೊಂಡು ಬರ್ತಾರೆ." ವ್ಯಾಪಾರಸ್ಥನ ಅಂಗಡಿಗೆ ಬುದ್ಧಿವಂತರು ಬರಬಾರದು. ಬಂದರೆ ಮುಂದೆ ಹೇಳುವಂಥವೆಲ್ಲ ಆಗುತ್ತವೆ.

ಇಟ್ಟಿಗೆಯ ಸಾಕ್ಷಿ

ಅಂಕೋಲೆಯ ವಕೀಲರೊಬ್ಬರು ಸ್ವಂತ ಕಾರಿನಲ್ಲಿ ಕಾರವಾರದ ಕೋರ್ಟಿಗೆ ಬರುತ್ತಿದ್ದರು. ಕಾರು ಸಣ್ಣದು, ಟಾಯರು ಸಪೂರ. ನನ್ನ ಟಾಯರು ಅವರ ಚಕ್ರಕ್ಕೆ ಸರಿಯಾಗಿ ಕೂರುತ್ತದೆ ಎಂದು ಅವರು ಒಳಗೆ ಕೋರ್ಟಿನಲ್ಲಿದ್ದಾಗ ನಾನು ನೂಲು ಹಿಡಿದು ಅಳೆದು ನೋಡಿಯಾಗಿತ್ತು. ಒಂದು ದಿನ ಅವರೇ ಅಂಗಡಿಗೆ ಬಂದರು.

"ಮಳೆಗಾಲ ಬಂತು ಅಂದ್ರೆ ಬಿಣಗಾ ಘಟ್ಟದಲ್ಲಿ ಕಾರು ಜಾರ್ತದೆ ಮಾರಾಯ್ರೆ. ಎಂತ ಮಾಡೂದು?"

"ಅಗಲ ಟಾಯರು ಹಾಕೂದು," ಎಂದೆ. "ಅಗಲ ಹೆಚ್ಚಾದಷ್ಟು ನೆಲಕ್ಕೆ ತಿಕ್ಕುವುದು ಹೆಚ್ಚು. ತಿಕ್ಕಿದಷ್ಟು ಹಿಡಿತ. ನೂರಾ ಎಂಬತ್ತು ರೂಪಾಯಿ."

ವಕೀಲರು ಚೀಲಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಲಾಟೀನಿನ ಬತ್ತಿ ಕೊಳ್ಳಲು ಬಂದಿದ್ದ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಅರ್ಧಾಣೆಯ ಗಿರಾಕಿ.

"ತಪ್ಪು," ಎಂದರು. "ಘರ್ಷಣೆ ಎಂಬುದು ಭಾರವನ್ನು ಅವಲಂಬಿಸುತ್ತದೆ. ಅಗಲವನ್ನಲ್ಲ."

"ಮಾಸ್ತರೇ, ನಿಮ್ಮ ಬತ್ತಿ ಕಟ್ಟಿ ಇಟ್ಟದ್ದು ಆಯ್ತು," ಎಂದೆ.

ಅವರು ಹೋಗಲಿಲ್ಲ. ಬಾಗಿಲಿಗೆ ಆನಿಸಿ ಇಡುತ್ತಿದ್ದ ಇಟ್ಟಿಗೆಯನ್ನು ಎತ್ತಿಕೊಂಡರು. ನನ್ನದೇ ಸ್ಪ್ರಿಂಗಿನ ತಕ್ಕಡಿಯ ಕೊಕ್ಕೆಗೆ ನನ್ನದೇ ಸುತಳಿಯಲ್ಲಿ ಅದನ್ನು ಕಟ್ಟಿದರು. ಮೊದಲು ಅಗಲ ಮೈಯ ಮೇಲೆ ಮಲಗಿಸಿ ಹಲಗೆಯ ಉದ್ದಕ್ಕೂ ಎಳೆದರು. ಆಮೇಲೆ ಸಪೂರ ಅಂಚಿನ ಮೇಲೆ ನಿಲ್ಲಿಸಿ ಎಳೆದರು. ಎರಡು ಸಲವೂ ಮುಳ್ಳು ಒಂದೇ ಗೀಟಿಗೆ ಬಂದು ನಿಂತಿತು.

ವಕೀಲರು ಚೀಲದ ಬಾಯಿ ಕಟ್ಟಿದರು. "ಸಾಕ್ಷಿ ಪಕ್ಕಾ ಅದೆ," ಎಂದು ಎದ್ದು ಹೋದರು.

ಅಂಗಡಿ ತೆರೆದ ದಿನದಿಂದ ನನ್ನ ತಕ್ಕಡಿ ಸತ್ಯ ಹೇಳಿದ್ದು ಅದೊಂದೇ ಸಲ. ಅದರಲ್ಲೂ ನನಗೇ ನುಕಸಾನು.

ಭರತಕ್ಕೆ ಏರಿದ ಭಾವ

ಸ್ವಲ್ಪ ದಿನ ಬಿಟ್ಟು ವಕೀಲರ ಮನೆಗೆ ಹುಬ್ಬಳ್ಳಿಯಿಂದ ಬೀಗರು ಬಂದರು. ಅವರಿಗೆ ಸಮುದ್ರ ತೋರಿಸಬೇಕು, ಕಾರನ್ನೂ ತೋರಿಸಬೇಕು. ಎರಡನ್ನೂ ಒಟ್ಟಿಗೇ ತೋರಿಸಲು ಹೋಗಿ ಕಾರನ್ನು ಕಾರವಾರದ ಕಡಲದಂಡೆಯ ಹೊಯ್ಗೆಗೆ ಇಳಿಸಿದರು. ಕಾರು ಹಿಂದಿನ ಚಕ್ರದ ಅರ್ಧದವರೆಗೆ ಹೂತು ಕೂತಿತು. ಭರತದ ನೀರು ಏರುವ ಹೊತ್ತು.

ಸುದ್ದಿ ಬಂದ ಕೂಡಲೇ ನಾನು ಅಂಗಡಿಗೆ ಚಿಲಕ ಹಾಕಿ ಓಡಿದೆ. ದಾರಿಯಲ್ಲಿ ಸಂಜೆ ತಿರುಗಾಟಕ್ಕೆ ಹೊರಟ ಮಾಸ್ತರರೂ ಜೊತೆಗೆ ಬಿದ್ದರು.

"ವಕೀಲರೇ, ಹೊಯ್ಗೆಯಲ್ಲಿ ಸಪೂರ ಟಾಯರು ಅಂದ್ರೆ ಬೆಣ್ಣೆಗೆ ಚೂರಿ ಇದ್ದ ಹಾಗೆ. ಅಗಲದ್ದು ತಂದು ಹಾಕಿಸ್ತೇನೆ. ನೂರಾ ಎಂಬತ್ತು."

"ನೂರಾ ನಲವತ್ತು," ಎಂದರು ವಕೀಲರು.

ನಾನು ಸಮುದ್ರದ ಕಡೆ ನೋಡಿದೆ. ಮಾತಾಡುವ ಕೆಲಸ ಸಮುದ್ರ ಮಾಡುತ್ತಿತ್ತು. ಒಂದು ತೆರೆ ಮುಂದಿನ ಚಕ್ರಕ್ಕೆ ತಾಗಿತು.

"ನೂರಾ ಐವತ್ತು!"

ಮತ್ತೊಂದು ತೆರೆ ಕಾಲಿಡುವ ಹಲಗೆಯ ಕೆಳಗೆ ಬುರುಗು ಬಿಟ್ಟು ಹೋಯಿತು. ಒಳಗಿದ್ದ ಬೀಗಿತಿ ಕಾಲು ಮೇಲೆತ್ತಿಕೊಂಡು, "ಅವರು ಕೇಳಿದಷ್ಟು ಕೊಡ್ರೀ!" ಎಂದು ಕೂಗಿದರು.

"ನೂರಾ ಅರವತ್ತೈದು!"

ಇನ್ನೆರಡು ತೆರೆ ಬಂದಿದ್ದರೆ ನಾನು ಹೇಳಿದ ಭಾವಕ್ಕೆ ಅವರು ಬಂದೇ ಬರುತ್ತಿದ್ದರು. ಆಗ ಮಾಸ್ತರರು ಪಂಚೆ ಎತ್ತಿ ಕಟ್ಟಿ ಚಕ್ರದ ಬಳಿ ಕೂತರು. "ಕಲ್ಲು ಬೇರೆ, ಮರಳು ಬೇರೆ. ಇಲ್ಲಿ ಪ್ರಶ್ನೆ ಹೂತುಹೋಗುವುದರದ್ದು. ಭಾರವನ್ನು ಹರಡಬೇಕು. ಒಂಟೆಯ ಪಾದ ನೋಡಿದ್ದೀರಾ?"

"ಕಾರವಾರದಲ್ಲಿ ಒಂಟೆ ಎಲ್ಲಿಂದ ತರೂದು ಮಾಸ್ತರೇ?" ಎಂದು ವಕೀಲರು ಅಳುವ ದನಿಯಲ್ಲಿ ಕೇಳಿದರು.

ಮಾಸ್ತರರು ಒಂದೊಂದೇ ಚಕ್ರದ ಗಾಳಿ ಬಿಟ್ಟರು. ಸಪೂರ ಟಾಯರು ಚಪ್ಪಟೆಯಾಗಿ ಪಾದ ಊರಿದ ಹಾಗೆ ಹರಡಿಕೊಂಡಿತು. ನಾವೆಲ್ಲ ಒಮ್ಮೆ ನೂಕಿದ್ದೇ ಕಾರು ಎದ್ದು ರಸ್ತೆಗೆ ಬಂತು. ನಾನು ನೂರಾ ಎಂಬತ್ತಕ್ಕೆ ಮಾರುತ್ತಿದ್ದ ಅಗಲವನ್ನು ಆ ಮನುಷ್ಯ ಬಿಟ್ಟಿಯಾಗಿ ಕೊಟ್ಟುಬಿಟ್ಟಿದ್ದ.

ಆದರೆ ಚಪ್ಪಟೆ ಟಾಯರಿನಲ್ಲಿ ಅಂಕೋಲೆಗೆ ಹೋಗಲಾಗುವುದಿಲ್ಲ. ಊರಲ್ಲಿ ಪಂಪು ಇದ್ದದ್ದು ನನ್ನ ಅಂಗಡಿಯಲ್ಲಿ. ಚಕ್ರಕ್ಕೆ ಒಂದಾಣೆ ಎಂದೆ.

"ಗಾಳಿಗೆ ದುಡ್ಡೇನ್ರಾ?" ವಕೀಲರು ಬಾಯಿ ತೆರೆದರು.

"ಗಾಳಿ ಬಿಟ್ಟಿ. ಬೇಕಾದ್ರೆ ಬಾಯಲ್ಲಿ ಊದಿ. ಪಂಪಿಗೆ ಒಂದಾಣೆ."

ಪಂಪು ಹೊಡೆದವರೂ ಅವರೇ, ನಾಲ್ಕಾಣೆ ಕೊಟ್ಟವರೂ ಅವರೇ. ಬೀಗರಿಗೆ ಈ ಆಟ ಬಹಳ ಹಿಡಿಸಿತು. ಆ ಬೇಸಿಗೆಯಲ್ಲಿ ಬಂದ ನೆಂಟರೆಲ್ಲರೂ ಹೊಯ್ಗೆಯ ಮೇಲೆ ಕಾರು ಓಡಬೇಕೆಂದರು. ಪ್ರತಿ ಸಲವೂ ಮೊದಲು ಗಾಳಿ ಬಿಡುವುದು, ಆಮೇಲೆ ನನ್ನಲ್ಲಿಗೆ ಬರುವುದು. ಟಾಯರು ಹೋಗದಿದ್ದರೂ ಗಾಳಿ ಹೋಗುತ್ತಿತ್ತು.

ಸದ್ದಿಲ್ಲದ ಗಾಡಿ

ನಡುವೆ ಕಿನ್ನರ ಎಂಬ ಹಳ್ಳಿಯ ರೈತನೊಬ್ಬ ಸಿಕ್ಕಿದ. ತೆಂಗಿನಕಾಯಿ ಹೇರಿಕೊಂಡು ಪೇಟೆಗೆ ಬರುವವನು. ಅವನ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಗದ್ದೆಯ ಕಟ್ಟೆಯನ್ನು ಕೊಯ್ದು ಹೂತುಹೋಗುತ್ತಿತ್ತು. ಅವನೇ ತಂದ ಹಳೇ ಮೋಟಾರಿನ ಅಚ್ಚು ಒಂದನ್ನು ಕೂಡಿಸಿ, ನನ್ನ ಎರಡು ಟಾಯರು ಮಾರಿ ಹಾಕಿಸಿ ಕೊಟ್ಟೆ. ಕಾಯಿ ತುಂಬಿದ ಗಾಡಿ ಕೆಸರಿನ ಮೇಲೆ ತೇಲಿದ ಹಾಗೆ ಹೋಯಿತು. ಹಿಂದೆ ಭಾರ ಇದೆಯೋ ಇಲ್ಲವೋ ಎಂದು ಎತ್ತುಗಳೇ ತಿರುಗಿ ನೋಡಿದವು.

ತಿಂಗಳು ತುಂಬುವ ಮೊದಲೇ ಟಾಯರು ಹೊತ್ತುಕೊಂಡು ಬಂದ.

"ಇದು ವಾಪಸ್ ತೆಕ್ಕೊಳ್ಳಿ ಸಾವಕಾರ್ರೇ."

"ಎಂತಕ್ಕಾ? ಜಾರ್ತದ್ಯಾ?"

"ಜಾರೂದಿಲ್ಲ."

"ಹೂತು ಹೋಗ್ತದ್ಯಾ?"

"ಹೂತು ಹೋಗೂದಿಲ್ಲ. ಎತ್ತಿಗೂ ಖುಷಿ."

"ಮತ್ತೆಂತ ನಿನ್ನ ರಗಳೆ?"

ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಮೊದಲು ಗಾಡಿ ಗಡಗಡ ಅಂತ ಹರದಾರಿ ದೂರದಿಂದ ಕೇಳ್ತಿತ್ತು. ಆ ಸದ್ದಿಗೆ ಹೆಂಡ್ತಿ ಸಾರು ಬಿಸಿಗಿಡ್ತಿದ್ಲು. ಈಗ ಸದ್ದೇ ಇಲ್ಲ. ಹೋಗಿ ನಿಂತ್ರೆ ಸಾರು ತಣ್ಣಗೆ."

"ಅಷ್ಟಕ್ಕೇ ವಾಪಸ್ಸಾ? ಎತ್ತಿಗೆ ಗೆಜ್ಜೆ ಕಟ್ಟು, ನಾನೇ ಕೊಡ್ತೇನೆ."

"ಸಾರಿಂದು ಬಿಡಿ." ಅವನು ದನಿ ತಗ್ಗಿಸಿದ. "ನಾ ಬಂದದ್ದು ತಿಳೀದೆ ಅವಳೂ ಅತ್ತೆಯೂ ಜಗಲಿ ಮೇಲೆ ಕೂತು ಮಾತಾಡ್ತಿದ್ರು. ನನ್ನ ಬಗ್ಗೇನೇ. ಪೂರಾ ಕೇಳ್ದೆ. ದಿನಾ ಹೀಗೇ ಮಾತಾಡ್ತಾರೆ ಅಂತ ತಿಳಿದು ಹೋಯ್ತು. ಕಬ್ಬಿಣದ್ದೇ ಒಳ್ಳೇದು ಸಾವಕಾರ್ರೇ. ನಾ ಬರೂದು ಅವರಿಗೆ ಮೊದಲೇ ತಿಳೀಬೇಕು, ಅವರು ಹೇಳೂದು ನಂಗೆ ತಿಳೀಬಾರ್ದು."

ಸವಕಳಿ ಎಂದು ನಾಲ್ಕು ರೂಪಾಯಿ ಮುರಿದುಕೊಂಡು ಉಳಿದದ್ದು ಕೊಟ್ಟೆ. ಅವನು ಎಣಿಸಲೂ ಇಲ್ಲ. ಸಂಸಾರ ಉಳಿದ ಸಂತೋಷದಲ್ಲಿದ್ದ.

ತಾರಿಗೆ ಒದ್ದ ವಕೀಲರು

ಗಾಳಿ ಬಿಟ್ಟು ಓಡಿಸಿ ಓಡಿಸಿ ವಕೀಲರ ಸಪೂರ ಟಾಯರುಗಳ ಪಕ್ಕೆ ಒಡೆದವು. ಊರಲ್ಲಿ ಬೇರೆ ಟಾಯರಿಲ್ಲ. ಬಂದೇ ಬಂದರು.

"ಇವೆರಡು ಉಪಯೋಗಿಸಿದ್ದಲ್ದಾ?" ಎಂದು ಕಿನ್ನರದಿಂದ ಬಂದದ್ದನ್ನು ಮೂಸಿ ನೋಡಿದರು.

"ಎತ್ತು ಎಳೆದದ್ದು ಲೆಕ್ಕಕ್ಕಿಲ್ಲ ವಕೀಲರೇ. ಮೋಟಾರಿಗೆ ಇವು ಹೊಸವೇ."

ನೂರಾ ಎಪ್ಪತ್ತಾರಕ್ಕೆ ತೀರ್ಮಾನವಾಯಿತು. ಹಿಡಿತ ಇಲ್ಲದಿದ್ದರೆ ದುಡ್ಡು ವಾಪಸ್ಸು ಎಂದು ಬರೆಸಿಕೊಂಡರು. ವಕೀಲರಲ್ಲವೇ.

ಮರುದಿನವೇ ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ಒಂದು ಊಟ. ಹೊಸ ಟಾಯರಿನ ಕಾರಿನಲ್ಲಿ ವಕೀಲರು, ಮಾಸ್ತರರು, ನಾನು. ತಿರುಗಿ ಬರುವಾಗ ಕಾರನ್ನು ತಾರಿಗೆ ಏರಿಸಿದೆವು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದೇ ನಮ್ಮ ತಾರಿ. ಕೋಡಿಬಾಗದ ದಡಕ್ಕೆ ತಾಗಿತು. ನಾವಿಬ್ಬರು ತಾರಿಯ ಮೇಲೇ ನಿಂತಿದ್ದೆವು. ವಕೀಲರೊಬ್ಬರೇ ಕಾರಿನಲ್ಲಿ.

"ನಿಲ್ಲಿ ವಕೀಲರೇ, ಹಗ್ಗ ಕಟ್ಟೂದದೆ," ಎಂದ ತಾರಿಯ ತಾಂಡೇಲ.

"ಹಗ್ಗ ಎಂತಕ್ಕೆ? ಟಾಯರು ಕಂಡಿದ್ಯಾ?"

ಮುಂದಿನ ಚಕ್ರ ದಡದ ಕಲ್ಲಿಗೆ ಹತ್ತಿತು. ಹಿಂದಿನವು ಇನ್ನೂ ತಾರಿಯ ಹಲಗೆಯ ಮೇಲೆ. ವಕೀಲರು ಆಕ್ಸಿಲರೇಟರನ್ನು ಜೋರಾಗಿ ಒತ್ತಿದರು. ಟಾಯರು ಒಂದಿಷ್ಟೂ ಜಾರಲಿಲ್ಲ. ಹಲಗೆಯನ್ನು ಕಚ್ಚಿ ಹಿಡಿದು ಹಿಂದಕ್ಕೆ ಒದ್ದವು. ಕಾರು ಇದ್ದಲ್ಲೇ ಇತ್ತು. ಹೊರಟದ್ದು ತಾರಿ. ಹಲಗೆ ಕೆಳಗಿನಿಂದ ಸರಿದು, ಕಾರಿನ ಹಿಂಭಾಗ ಧಡಾರ್ ಎಂದು ನೀರಿಗೆ ಕೂತಿತು. ವಕೀಲರು ಸೊಂಟದವರೆಗೆ ಕಾಳಿ ನದಿಯಲ್ಲಿ, ಎರಡೂ ಕೈ ಇನ್ನೂ ಸ್ಟೇರಿಂಗ್ ಚಕ್ರದ ಮೇಲೆ. ರುಮಾಲು ಮಾತ್ರ ನಮ್ಮ ಹಿಂದೆ ತೇಲಿ ಬರುತ್ತಿತ್ತು.

ದಡದಲ್ಲಿದ್ದ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನಕ್ಕರು. "ವಕೀಲರು ತಾರಿಗೆ ಲಾತ ಹೊಡದ್ರಲ್ಲೇ! ಎಂತ ಸಿಟ್ಟೋ!"

ತಾರಿ ಇಳಿತಕ್ಕೆ ಸಿಕ್ಕಿ ಹಿಂದೆ ಹಿಂದೆ ಹೋಗುತ್ತಿತ್ತು. ವಕೀಲರು ಅಲ್ಲಿಂದಲೇ ನನಗೆ ಬೆರಳು ತೋರಿಸಿದರು. "ಹಿಡಿತ ಇಲ್ಲ! ದುಡ್ಡು ವಾಪಸ್!"

ನಾನು ಮಾಸ್ತರರ ಕಡೆ ನೋಡಿದೆ. ಆ ಮಹಾನುಭಾವರು ನದಿಯ ನಡುವೆ ಎರಡೂ ಕೈ ಬಾಯಿಗೆ ಹಿಡಿದು, ತರಗತಿಯಲ್ಲಿ ಹೇಳುವ ಹಾಗೆ ಕೂಗಿದರು: "ಹಿಡಿತ ಇಲ್ಲದಿದ್ದರೆ ಚಕ್ರ ಸುಮ್ಮನೆ ತಿರುಗುತ್ತಿತ್ತು! ತಾರಿಯೇ ಹೊರಟಿತು ಅಂದ ಮೇಲೆ ಹಿಡಿತ ಪರಿಪೂರ್ಣ!"

ಒಂದೂ ಕೇಸು ಸೋಲದ ವಕೀಲರು ನೀರಿನಲ್ಲಿ ಕೂತು ಯೋಚಿಸಿದರು. ಆಮೇಲೆ ನನ್ನ ಕಡೆ ಚಾಚಿದ್ದ ಬೆರಳನ್ನು ಮಡಚಿಕೊಂಡರು.

ಕಾರು ಎಳೆಯಲು ದಪ್ಪ ಹಗ್ಗ ಬೇಕಾಯಿತು. ಅದು ನನ್ನ ಅಂಗಡಿಯದೇ.

ಈಗ ಲೆಕ್ಕ. ಟಾಯರಿನಲ್ಲಿ ಮೂವತ್ತಾರು. ಕಿನ್ನರದ ಸವಕಳಿ ನಾಲ್ಕು. ಬೇಸಿಗೆಯ ಗಾಳಿಯಿಂದ ಎರಡೂವರೆ. ಹಗ್ಗದಲ್ಲಿ ಒಂದೂವರೆ. ಒಟ್ಟು ನಲವತ್ನಾಲ್ಕು. ಮಾಸ್ತರರನ್ನೂ ನನ್ನನ್ನೂ ಮತ್ತೆ ದಡ ಮುಟ್ಟಿಸಿದ ಇನ್ನೊಂದು ಖೇಪಿನ ಬಾಡಿಗೆ ಎಂದು ತಾಂಡೇಲ ಬಿಡದೆ ಕಿತ್ತುಕೊಂಡ ನಾಲ್ಕಾಣೆ ಕಳೆದು, ನಿಕ್ಕಿ ಲಾಭ ನಲವತ್ಮೂರು ರೂಪಾಯಿ ಹನ್ನೆರಡಾಣೆ. ಮೂಲೆಯಲ್ಲಿ ಈಗ ಮಾವಿನಮಿಡಿ ಭರಣಿ ಇದೆ. ಅದರ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟದ್ದು ಅದೇ ಇಟ್ಟಿಗೆ; ಅಗಲ ಮೈ ಕೆಳಗೆ.