ಮೊಸರಿನ ಡಬ್ಬದ ಟರ್ಕಿ

"ನೋಡ್ತಾ ಇರೇ ಇಂದೂ, ಈ ಟರ್ಕಿ ಕೋಳಿಯ ಒಂದೇ ಒಂದು ಚೂರು ಕಸಕ್ಕೆ ಹೋದರೆ ನನ್ನ ಹೆಸರು ಅಮೃತ್ ಅಲ್ಲ!"

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಫ್ರಿಜ್ ಬಾಗಿಲು ಹಿಡಿದು ನಾನು ಹೀಗೆ ಶಪಥ ಮಾಡಿದೆ. ಇಂದು, ಅಂದರೆ ನನ್ನ ಹೆಂಡತಿ, ಕಾಫಿ ಲೋಟದಿಂದ ತಲೆಯನ್ನೇ ಎತ್ತಲಿಲ್ಲ.

"ಹಾಗಾದ್ರೆ ಬೇರೆ ಹೆಸರು ಹುಡುಕ್ಕೊಳ್ಳಿ. ಇರೋದು ಮೂರು ಜನ, ನೀವು ಓವನ್ನಿಗೆ ತುರುಕಿದ್ದು ಒಂದು ಕರುವಿನಷ್ಟು ದೊಡ್ಡ ಹಕ್ಕಿ. ನಿಮ್ಮ ಮಗಳು ಚೇತನ ಆಗ್ಲೇ 'ನೋ ಥ್ಯಾಂಕ್ಸ್ ಅಪ್ಪಾ' ಅಂದಾಯ್ತು."

"ಆ ಮಗೂಗೇನು ಗೊತ್ತು! ನಾನು ಮೈಸೂರಿನ ಗೌಡರ ಮನೆ ಹುಡುಗ ಕಣೇ. ಕಣ್ಣು ಮುಚ್ಚಿ ಬಾಯಿಗೆ ಹಾಕು, ಫಾರಂ ಕೋಳಿ ಯಾವುದು, ನಾಟಿ ಕೋಳಿ ಯಾವುದು, ತೊಡೆ ಯಾವುದು, ಎದೆ ಯಾವುದು, ಎಲ್ಲಾ ಈ ನಾಲಿಗೆ ಹೇಳುತ್ತೆ!"

ಶಪಥ ಅಂದಮೇಲೆ ಶಪಥ. ಅಳಿದುಳಿದ ಟರ್ಕಿಯನ್ನೆಲ್ಲ ಎಳೆಎಳೆಯಾಗಿ ಬಿಡಿಸಿದೆ. ಚಕ್ಕೆ, ಲವಂಗ, ಕಾಯಿ ಹುರಿದು ರುಬ್ಬಿ ಗಟ್ಟಿ ಮಸಾಲೆ ಮಾಡಿ ಮೊಸರಿನ ಡಬ್ಬಗಳಿಗೆ ತುಂಬಿಟ್ಟೆ. ನಮ್ಮ ಮನೆಯಲ್ಲಿ ಮೊಸರಿನ ಡಬ್ಬ ಅಂದರೆ ಅದರಲ್ಲಿ ಮೊಸರು ಒಂದನ್ನು ಬಿಟ್ಟು ಬೇರೇನಾದರೂ ಇರಬಹುದು. ಆಮೇಲೆ ಸುಸ್ತಾಗಿ ಮಲಗಿಬಿಟ್ಟೆ.

ಅವತ್ತು ರಾತ್ರಿ ಅನ್ನಕ್ಕೆ ಕಲಸಿಕೊಂಡೆ. ಶನಿವಾರ ಚಪಾತಿಯಲ್ಲಿ ಸುತ್ತಿ ತಿಂದೆ. ಭಾನುವಾರ ಬೆಳಿಗ್ಗೆ ದೋಸೆ ಜೊತೆ ಬಾರಿಸಿದೆ. "ಆಹಾ! ಮಾಂಸ ಅಂದ್ರೆ ಹೀಗೆ ಮಸಾಲೆ ಹೀರ್ಕೋಬೇಕು! ದಿನದಿಂದ ದಿನಕ್ಕೆ ಏನು ರುಚಿ!" ಅಂತ ನನಗೆ ನಾನೇ ಶಭಾಷ್ ಅಂದುಕೊಂಡೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೊಟ್ಟೆಕಿಚ್ಚು ಅಂದುಕೊಂಡೆ ನಾನು. ಉಳಿದದ್ದು ಮೇಲಿನ ಶೆಲ್ಫಿನಲ್ಲಿ ಒಂದೇ ಡಬ್ಬ.

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದವರು ಮಹಾಂತಪ್ಪ ಅಂಕಲ್, ಸಿದ್ದೇಶ್ವರಿ ಆಂಟಿ. ಬಾಗಲಕೋಟೆಯ ಕಡೆಯವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಲಿಂಗಾಯತರು. ಚೇತನ ಹುಟ್ಟಿದಾಗ ಊರಿಂದ ಯಾರಿಗೂ ವೀಸಾ ಸಿಗಲಿಲ್ಲ. ಇಂದೂಗೆ ಬಾಣಂತನ ಮಾಡಿದವರು ಈ ಆಂಟಿಯೇ. ಮಾಂಸ ಬೇಯಿಸುವ ಮನೆಗಳಲ್ಲಿ ಅವರು ಉಣ್ಣುವುದು ನಮ್ಮದೊಂದರಲ್ಲಿ ಮಾತ್ರ, ಯಾಕೆಂದರೆ ಇಂದು ಅವರಿಗಾಗಿಯೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದಾಳೆ.

ಅವತ್ತು ಇಂದು ಮಾಡಿದ್ದ ಹಲಸಿನಕಾಯಿ ಪಲ್ಯ ಅವರಿಗೆ ತುಂಬಾ ಹಿಡಿಸಿತು. ಹೊರಡುವಾಗ ಇಂದು ಬಾಗಿಲಿನಿಂದಲೇ ಕೂಗಿದಳು, "ರೀ, ಫ್ರಿಜ್ಜಲ್ಲಿ ಪಲ್ಯದ ಡಬ್ಬ ಇದೆ, ಆಂಟಿಗೆ ಕೊಡಿ." ಕೈಗೆ ಸಿಕ್ಕಿದ ಡಬ್ಬ ತಂದು ಕೊಟ್ಟೆ.

ಸಾಯಂಕಾಲ ನಾಲಿಗೆ ಚಪಲ! ಫ್ರಿಜ್ ತೆಗೆದೆ. ಮೇಲಿನ ಶೆಲ್ಫ್ ಖಾಲಿ. ಕೆಳಗಿನ ಶೆಲ್ಫಿನಲ್ಲಿ ಒಂದು ಡಬ್ಬ. ಮುಚ್ಚಳ ತೆಗೆದರೆ ಮಸಾಲೆಯ ಮಧ್ಯದಿಂದ ದುಂಡನೆಯ ಹಲಸಿನ ಬೀಜವೊಂದು ನನ್ನನ್ನೇ ನೋಡುತ್ತಿದೆ!

ಟರ್ಕಿಗೆ ಬೀಜ ಇರುತ್ತದೆಯೇ? ಇಲ್ಲ! ಅಂದರೆ ಇದು ಪಲ್ಯ. ಅಂದರೆ ನಾನು ಕೊಟ್ಟಿದ್ದು...

ಅಂಕಲ್‌ಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಆಂಟಿಗೂ ಮಾಡಿದೆ, ಅದೂ ಅಷ್ಟೇ. ಸಂಜೆ ಲಿಂಗಪೂಜೆಗೆ ಕೂತರೆ ಇಬ್ಬರೂ ಫೋನ್ ಮುಟ್ಟುವುದಿಲ್ಲ. ಪೂಜೆ ಮುಗಿದ ಕೂಡಲೇ ಊಟ! ಇಂದೂಗೆ ಹೇಳೋಣವೇ? ನನಗಿನ್ನೂ ಜೀವದ ಮೇಲೆ ಆಸೆ ಇತ್ತು.

"ಇಂದೂ, ಕಾರಿಗೆ ಗ್ಯಾಸ್ ಹಾಕಿಸ್ಕೊಂಡು ಬರ್ತೀನಿ!"

"ನಿನ್ನೆ ತಾನೇ ಹಾಕಿಸಿದ್ರಲ್ಲ?"

ಉತ್ತರ ಕೊಡುವಷ್ಟರಲ್ಲಿ ಕಾರು ರಸ್ತೆಯಲ್ಲಿತ್ತು. ಅವರ ಮನೆ ಇರುವುದು ಊರಿನ ದಕ್ಷಿಣ ತುದಿಯ ಬ್ಯಾಲಂಟೈನ್‌ನಲ್ಲಿ. ರಜೆ ಮುಗಿಸಿಕೊಂಡು ಇಡೀ ಷಾರ್ಲೆಟ್ ನಗರ ಅದೇ ಹೊತ್ತಿಗೆ ಮನೆಗೆ ವಾಪಸಾಗುತ್ತಿತ್ತು. ಹೈವೇ ಮೇಲೆ ಕಾರುಗಳೆಲ್ಲ ಜಪಕ್ಕೆ ಕೂತಂತೆ ನಿಂತಿದ್ದವು. ನನ್ನ ಕಣ್ಣ ಮುಂದೆ ಮಾತ್ರ ಅಂಕಲ್ ವಿಭೂತಿ ಹಚ್ಚಿಕೊಳ್ಳುತ್ತಿದ್ದಾರೆ, ಆಂಟಿ ಡಬ್ಬದ ಮುಚ್ಚಳ ತೆಗೆಯುತ್ತಿದ್ದಾರೆ. "ಶಿವನೇ, ಪೂಜೆ ಸ್ವಲ್ಪ ಉದ್ದ ಮಾಡಪ್ಪಾ! ಇನ್ನು ಜನ್ಮದಲ್ಲಿ ಟರ್ಕಿ ಮುಟ್ಟಲ್ಲ!" ಅಂತ ಸ್ಟೀರಿಂಗ್ ಹಿಡಿದೇ ಗೋಗರೆದೆ.

ಬೆಲ್ ಒತ್ತಿದೆ. ಆಂಟಿ ಬಾಗಿಲು ತೆರೆದರು. ಒಳಗೆ ಡೈನಿಂಗ್ ಟೇಬಲ್ಲಿನಲ್ಲಿ ಅಂಕಲ್, ಎದುರಿಗೆ ಜೋಳದ ರೊಟ್ಟಿ, ಪಕ್ಕದಲ್ಲಿ ಅದೇ ಮೊಸರಿನ ಡಬ್ಬ!

"ಬಾ ತಮ್ಮಾ, ಬಾ! ನಿಮ್ಮನಿ ಪಲ್ಯ ಭಾಳ ಚೊಲೋ ಆಗೇತಿ. ಎರಡ್ ಸಲ ಹಾಕ್ಕೊಂಡೆ ನೋಡು!" ಅಂದರು ಅಂಕಲ್.

ಡಬ್ಬದೊಳಗೆ ಬಗ್ಗಿ ನೋಡಿದೆ. ತಳ ಕಾಣುತ್ತಿತ್ತು. ಅಲ್ಲೇ ಕುರ್ಚಿಗೆ ಕುಕ್ಕರಿಸಿದೆ.

"ಯಾಕೋ ತಮ್ಮಾ, ಮಾರಿ ಬಾಡೇತಲ್ಲ? ಏನಾತು?" ಅಂದರು ಆಂಟಿ.

ಸುಳ್ಳು ಹೇಳಬಹುದಿತ್ತು. ಬಾಣಂತನ ಮಾಡಿದ ಕೈ ನನ್ನ ಹೆಗಲ ಮೇಲಿತ್ತು. ನನಗೆ ಅಳುವೇ ಬಂದುಬಿಟ್ಟಿತು.

"ಅಂಕಲ್, ಕ್ಷಮಿಸಿಬಿಡಿ... ಡಬ್ಬ ಅದಲುಬದಲಾಯ್ತು. ಅದು ಹಲಸಿನಕಾಯಲ್ಲ, ಟರ್ಕಿ!"

ಅಂಕಲ್ ಕೈಯ ತುತ್ತು ತಟ್ಟೆಗೆ ಬಿತ್ತು. ಆಂಟಿ "ಅಯ್ಯ ಶಿವನ!" ಅಂದು ಸೆರಗು ಬಾಯಿಗೆ ಒತ್ತಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಕಲ್ ಕಣ್ಣು ಮುಚ್ಚಿ ಎದೆಯ ಲಿಂಗದ ಮೇಲೆ ಕೈ ಇಟ್ಟು ಕೂತರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

ಆಗ ಆಂಟಿಯ ಫೋನ್ ಹೊಡೆದುಕೊಂಡಿತು. ಇಂದು! ಆಂಟಿ ಸ್ಪೀಕರ್ ಒತ್ತಿದರು.

"ಆಂಟಿ, ನಮ್ಮೋರು ಅಲ್ಲಿಗೇನಾದ್ರೂ ಬಂದ್ರಾ? ಗ್ಯಾಸ್‌ಗೆ ಅಂತ ಹೋದೋರು ಫೋನೂ ಎತ್ತುತಾ ಇಲ್ಲ."

"ಇಲ್ಲೇ ಅದಾನವ್ವಾ. ಆ ಡಬ್ಬ್ಯಾಗ ಟರ್ಕಿ ಇತ್ತಂತಲ್ಲ..."

ಇಂದು ಜೋರಾಗಿ ಅಂದಳು, "ಅಯ್ಯೋ, ಎಲ್ಲಿ ಟರ್ಕಿ ಆಂಟಿ! ಶುಕ್ರವಾರ ಇವ್ರು ಗೊರಕೆ ಹೊಡೀತಿದ್ದಾಗ ರುಚಿ ನೋಡಿದೆ, ಚಪ್ಪಲಿ ಅಗಿದ ಹಾಗಿತ್ತು! ಅಷ್ಟನ್ನೂ ಕಸಕ್ಕೆ ಹಾಕಿದೆ. ಪಾಪ, ಶಪಥ ಮಾಡಿದಾರೆ, ಬೇಜಾರಾಗ್ತಾರೆ ಅಂತ ಬೇರೆ ಮಸಾಲೆ ರುಬ್ಬಿ, ಬೀಜ ಎಲ್ಲ ತೆಗೆದು, ಹಲಸಿನಕಾಯಲ್ಲಿ ಮಾಡಿಟ್ಟೆ. ನಿಮ್ಮ ಪಾತ್ರೇಲೇ ಮಾಡಿದ್ದು, ಡಬ್ಬಾನೂ ಹೊಸದು. ಮೂರು ದಿನದಿಂದ ಇವ್ರು ಅದನ್ನೇ ಟರ್ಕಿ ಟರ್ಕಿ ಅಂತ ತಿಂತಿರೋದು!"

ಹಿಂದಿನಿಂದ ಚೇತನಳ ದನಿ, "ಅಪ್ಪಾಗೆ ಹೇಳ್ಬಿಟ್ಯಾ? ಓ ನೋ, ಅಮ್ಮಾ!"

ಅಂಕಲ್ ಮೆಲ್ಲಗೆ ಕಣ್ಣು ತೆರೆದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೀಸೆ ಅಲುಗತೊಡಗಿತು.

"ಹಂಗಾರ ಮೂರು ದಿನದಿಂದ ನೀನೂ ನಮ್ಮ ಪಂಕ್ತಿಯಾಗ ಕುಂತೀಯಲ್ಲೋ ತಮ್ಮಾ!" ಅಂದವರೇ ಬಿದ್ದ ತುತ್ತು ಎತ್ತಿ ಬಾಯಿಗಿಟ್ಟುಕೊಂಡು, ಕೆಮ್ಮು ಬರುವಷ್ಟು ನಕ್ಕರು.

ನನಗೆ ಹೋದ ಜೀವ ಬಂತು. ಮಾನ ಮಾತ್ರ ಬರಲಿಲ್ಲ. ಎದ್ದು ಹೊರಟೆ. ಆಂಟಿ ಬಾಗಿಲವರೆಗೆ ಬಂದು ನನ್ನ ಕೈಗೆ ಬೆಚ್ಚನೆಯ ಒಂದು ಮೊಸರಿನ ಡಬ್ಬ ಕೊಟ್ಟರು.

"ಇದು ಬದನೀಕಾಯಿ ತಮ್ಮಾ. ತಿಂದ್ರೂ ನಿನಗ ಗೊತ್ತಾಗೂದಿಲ್ಲ, ಅದಕ್ಕ ಮೊದ್ಲ ಹೇಳಾಕತ್ತೀನಿ!"