ಜೂನ್ ಬಂತು, ಫಾದರ್ ಕೆಟ್ಟರು

ವರ್ಷವೆಲ್ಲಾ ದೇವರು ನನಗೆ ಅಷ್ಟಿಷ್ಟು ಮರ್ಯಾದೆ ಕೊಟ್ಟಿರುತ್ತಾನೆ, ಜೂನ್ ಬಂತೆಂದರೆ ಅದನ್ನೆಲ್ಲಾ ಒಂದೇ ಕಂತಿನಲ್ಲಿ ವಾಪಸ್ ತೆಗೆದುಕೊಳ್ಳುತ್ತಾನೆ. ಚರ್ಚಿಗೂ ನಾನೇ ಗುರು, ಪಕ್ಕದ ಶಾಲೆಗೂ ನಾನೇ ಮುಖ್ಯಸ್ಥ. ಮಧುಗಿರಿಯಲ್ಲಿದ್ದಾಗಲೂ ಹೀಗೇ ಆಗುತ್ತಿತ್ತು, ಕೊರಟಗೆರೆಯಲ್ಲೂ ಹೀಗೇ. ಪಾವಗಡದ ಕಡೆಗೆ ವರ್ಗವಾದ ಮೇಲಂತೂ ಕೇಳಲೇಬೇಡಿ. ಇಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರದ ಪೂಜೆಗೆ ಬೆಂಚುಗಳು ಖಾಲಿ, ಸೋಮವಾರದ ಶಾಲೆಗೆ ಬೆಂಚುಗಳು ಸಾಲವು. ಹಾಗಾಗಿ ನನ್ನ ಮಾನ ಹೋಗುವಾಗ ನೋಡುವವರಿಗೆ ಎಂದೂ ಕೊರತೆಯಾಗಿಲ್ಲ. ಕಳೆದ ಜೂನ್‌ನ ಮೊದಲ ವಾರದ ಕಥೆಯನ್ನೇ ಕೇಳಿ.

ವ್ಯಾನಿಗೆ ಆಶೀರ್ವಾದ

ಶಾಲೆ ಶುರುವಾಗುವ ದಿನ ವ್ಯಾನಿಗೆ ಆಶೀರ್ವಾದ ಮಾಡುವುದು ನಮ್ಮಲ್ಲಿ ವಾಡಿಕೆ. ಡ್ರೈವರ್ ಶಿರಾದ ಸಾಬರು, ನನಗಿಂತ ಮೊದಲು ಇಲ್ಲಿದ್ದ ಫಾದರ್‌ಗಳನ್ನೆಲ್ಲಾ ಅರೆದು ಕುಡಿದವರು. ಬೆಳಿಗ್ಗೆಯೇ ಬಿಸ್ಮಿಲ್ಲಾ ಅಂದು ಸೀಟು ಒರೆಸಿದ್ದರು. ಮಕ್ಕಳ ತಂದೆತಾಯಂದಿರು ಬಂದು ಚಕ್ರದಡಿ ನಿಂಬೆಹಣ್ಣು ಇಟ್ಟು, ಮುಂದೆ ಒಂದು ಹೂವಿನ ಹಾರ ಹಾಕಿದರು. ಉಳಿದವನು ನಾನು. ಅಷ್ಟು ಜನ ನೋಡುತ್ತಿದ್ದಾರಲ್ಲ, ನನಗೆ ಹುರುಪು ಏರಿತು. ಸುತ್ತಲೂ ತೀರ್ಥ ಚಿಮುಕಿಸಿದ್ದು ಸಾಲದೆ, "ಬಾನೆಟ್ ತೆಗೀರಿ ಸಾಬರೇ, ಒಳಗೂ ಆಶೀರ್ವಾದ ಬೇಕು" ಎಂದು ಪಾತ್ರೆಯನ್ನೇ ಬಗ್ಗಿಸಿಬಿಟ್ಟೆ.

ಕೀ ತಿರುಗಿಸಿದರೆ ವ್ಯಾನು ಒಂದು ಸಲ ಕೆಮ್ಮಿತು. ಎರಡನೇ ಸಲ ಕೆಮ್ಮಲೂ ಇಲ್ಲ. ಸಾಬರು ಇಳಿದು ಬಂದು ಎಂಜಿನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನ್ ಫಾದರ್, ಒಂದ್ ನಾಲ್ಕು ಹನಿ ಹಾಕಿ ಅಂದ್ರೆ ನಿಮ್ಮೋರ ಕೂಸಿಗೆ ಹೆಸರಿಡೋವಾಗ ಮಾಡ್ಸೋ ಜ್ಞಾನಸ್ನಾನಾನೇ ಮಾಡಿಸ್ಬುಟ್ರಲ್ಲ!"

"ಈಗೇನ್ ಮಾಡೋದು ಸಾಬರೇ?"

"ಇನ್ನೇನ್ ಮಾಡೋದು, ಒಂದ್ ಹೆಸರಿಡಿ. ಆಮೇಲೆ ಎಲ್ಲಾರೂ ಸೇರಿ ತಳ್ಳಣ."

ಬಿಳಿ ಅಂಗಿ

ವ್ಯಾನು ತಳ್ಳಿ ಬೆವರು ಒರೆಸಿಕೊಳ್ಳುತ್ತಾ ಗೇಟಿಗೆ ಬಂದರೆ, ಎಲ್‌ಕೆಜಿಗೆ ಸೇರಿದ್ದ ಒಂದು ಪುಟ್ಟ ಹುಡುಗಿ ತಾಯಿಯ ಕುತ್ತಿಗೆಗೆ ಜೋತುಬಿದ್ದು ಊರು ಕೇಳುವ ಹಾಗೆ ಅರಚುತ್ತಿತ್ತು. ಎಂಥಾ ಮಗುವಿನ ಅಳುವನ್ನಾದರೂ ನಿಲ್ಲಿಸಬಲ್ಲೆ ಎಂಬ ಜಂಬ ನನಗಿತ್ತು. ನಿಲುವಂಗಿ ಸರಿಮಾಡಿಕೊಂಡು, ಮುಖದ ತುಂಬಾ ನಗು ತುಂಬಿಕೊಂಡು, "ಬಾ ಕಂದಾ" ಎಂದು ಎರಡೂ ಕೈ ಚಾಚಿದೆ.

ಮಗು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. "ಸೂದಿ ವದ್ದಮ್ಮಾ! ಸೂದಿ ವದ್ದು!" ಎಂದು ಚೀರುತ್ತಾ ತಾಯಿಯ ಹೆಗಲು ಹತ್ತಿ ಆ ಕಡೆ ಇಳಿಯಲು ಹೊರಟಿತು.

ಇಲ್ಲಿನ ಮಕ್ಕಳ ಬಾಯಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ; ನಾನು ಕೊಳ್ಳೇಗಾಲದವನು, ತೆಲುಗು ಅಷ್ಟಕ್ಕಷ್ಟೆ. ಸಾಬರೇ ಬಿಡಿಸಿ ಹೇಳಿದರು: "ಸೂಜಿ ಬ್ಯಾಡ ಅಂತೈತೆ ಫಾದರ್. ಬಿಳೀ ಅಂಗಿ ನೋಡಿ ನಿಮ್ಮನ್ನ ಡಾಕ್ಟ್ರು ಅನ್ಕಂಡೈತೆ."

ತಾಯಿಗೆ ಸಂಕೋಚವಾಯಿತು. "ತಪ್ಪು ತಿಳ್ಕಬ್ಯಾಡಿ ಫಾದರ್. ನಾನು ವಳ್ಳೂರ್ ಸೋಲಾರ್ ಪಾರ್ಕ್‌ನಾಗೆ ಪ್ಲೇಟ್ ಒರ್ಸಾಕೆ ಹೋಗ್ತೀನಿ. ಕೆಲ್ಸದ ಗಾಡಿ ಇಲ್ಲೇ ಗೇಟ್ ಮುಂದೆ ಬತ್ತೈತೆ, ಯಾರಿಗೂ ಕಾಯಲ್ಲ. ಇವತ್ತೂ ತಪ್ಪೋಯ್ತು. ಈ ವಾರದಾಗೆ ಇವ್ಳು ಸ್ಕೂಲ್‌ನಾಗೆ ನಿಲ್ಲಿಲ್ಲಾಂದ್ರೆ ನನ್ ಜಾಗಕ್ಕೆ ಬೇರೇರನ್ನ ಹಾಕ್ಕಂತೀನಿ ಅಂದವ್ನೆ ಮೇಸ್ತ್ರಿ. ಮನ್ಯಾಗೆ ನೋಡ್ಕಳಾಕೆ ಯಾರವ್ರೆ?"

ಆಕೆ ಅಳಲಿಲ್ಲ, ಬೇಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಯೋಚನೆ ಮಾಡಬೇಡಿ ತಾಯಿ, ಇವಳನ್ನ ನನಗೆ ಬಿಡಿ" ಅಂದೆ.

ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನಗಿಂತ ಹಿರಿಯರು, ಬಿಷಪ್ಪರಿಗೂ ಹೆದರದವರು. ಹಿಂದಿನಿಂದ ಮೆಲ್ಲಗೆ ಅಂದರು: "ವ್ಯಾನನ್ನೂ ನಿಮಗೇ ಬಿಟ್ಟಿದ್ವಿ ಫಾದರ್."

ಹೊಸ ಪ್ಯೂನು

ಅಂಗಿಯಿಂದ ತಾನೇ ತೊಂದರೆ? ಮಾರನೇ ದಿನ ಪ್ಯಾಂಟು, ಚೌಕಳಿ ಶರ್ಟು ಹಾಕಿಕೊಂಡು ಗೇಟಿನಲ್ಲಿ ನಿಂತೆ. ಮಗುವಿಗೆ ಗುರುತೇ ಸಿಗಲಿಲ್ಲ! ನನ್ನ ಕೈಯಿಂದ ಬಿಸ್ಕತ್ತು ತೆಗೆದುಕೊಂಡು ಮೂಗು ಸೊರಗುಟ್ಟಿಸುತ್ತಾ ನಿಂತಿತು. ತಾಯಿಯ ಮುಖದಲ್ಲಿ ಜೀವ ಬಂತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗುಡುಗುಡು ಅಂತ ಒಂದು ಬುಲೆಟ್ ಬಂದು ನಿಂತಿತು.

ಅದರಿಂದಿಳಿದ ಗಿರಿಜಾಮೀಸೆಯ ಯಜಮಾನರು ಹೆಲ್ಮೆಟ್ ತೆಗೆದು ನನ್ನ ಕೈಗೆ ತುರುಕಿದರು. "ಲೇ, ಇದ್ನ ಹಿಡ್ಕಳಲಾ. ಫಾದರ್ ಅವ್ರಾ?"

ಸುಳ್ಳು ಹೇಳುವ ಹಾಗಿಲ್ಲ. "ಇದಾರೆ" ಅಂದೆ.

"ವೈ.ಎನ್.ಹೊಸಕೋಟೆಯಿಂದ ಸೀಟ್ ಕೇಳಕ್ಕೆ ಬಂದವ್ರೆ ಅಂತ ಹೇಳೋಗು. ಅಂಗೇ ಒಂದ್ ಲೋಟ ನೀರು ತಾ."

ನಾನೇ ಫಾದರ್ ಅನ್ನಲು ಬಾಯಿ ಬರಲಿಲ್ಲ, ಅವರಿಗೆ ಅವಮಾನವಾದೀತು ಎಂದು. ಸತ್ಯ ಹೇಳಬೇಕೆಂದರೆ ನನಗೇ ಆದೀತು ಎಂದು. ಓಡಿಹೋಗಿ ನೀರು ತಂದುಕೊಟ್ಟೆ. ಹಿಂಬಾಗಿಲಿನಿಂದ ನುಗ್ಗಿ ನಿಲುವಂಗಿ ಏರಿಸಿಕೊಂಡು ಕುರ್ಚಿಯಲ್ಲಿ ಗಂಭೀರವಾಗಿ ಕೂತೆ. ಅವರು ಒಳಗೆ ಬಂದು ಎರಡೂ ಕೈ ಮುಗಿದರು. ಮಗನ ವಿಷಯ ಮಾತಾಡಿದರು, ಮಳೆಯ ವಿಷಯ ಮಾತಾಡಿದರು. ಎದ್ದು ನಿಂತವರು ಬಾಗಿಲ ಬಳಿ ತಿರುಗಿದರು.

"ನಿಮ್ ಪ್ಯೂನು ಪರ್ವಾಗಿಲ್ಲ ಫಾದರ್, ಹೇಳಿದ್ ಕೆಲ್ಸ ಮಾಡ್ತಾನೆ. ಆದ್ರೆ ನನ್ ಹೆಲ್ಮೆಟ್ ಇಸ್ಕಂಡೋದೋನು ಪತ್ತೇನೇ ಇಲ್ಲ. ಒಸಿ ವಿಚಾರ್ಸಿ."

ಹೆಲ್ಮೆಟ್ಟು ಮೇಜಿನ ಕೆಳಗೆ ನನ್ನ ಎರಡು ಕಾಲಿನ ನಡುವೆ ಇತ್ತು.

ಅಕ್ಷತೆ

ಅವರನ್ನು ಬೀಳ್ಕೊಡಲು ನಾನು ಅದೇ ಅಂಗಿಯಲ್ಲಿ ಹೊರಗೆ ಬಂದದ್ದೇ ತಪ್ಪಾಯಿತು. ಮಗು ನೋಡಿತು, ಬಿಸ್ಕತ್ತು ಎಸೆಯಿತು, "ಸೂದಿ!" ಎಂದಿತು. ಕೆಲಸದ ಗಾಡಿ ಆ ದಿನವೂ ತಾಯಿಯನ್ನು ಬಿಟ್ಟು ಹೋಯಿತು.

ಮೂರನೇ ದಿನ ಆಕೆಯೇ ಒಂದು ಉಪಾಯ ತಂದಳು. ತಟ್ಟೆಯ ತುಂಬಾ ಅರಿಶಿನ ಬೆರೆಸಿದ ಅಕ್ಕಿ. "ಫಾದರ್ ಕೈಲಿ ಅಕ್ಷರಾಭ್ಯಾಸ ಮಾಡ್ಸು, ನಿಲ್ತಾಳೆ ಅಂದ್ರು ಪಕ್ಕದ್ಮನೆ ಅಜ್ಜಿ" ಅಂದಳು. ನಮ್ಮ ಶಾಲೆಯಲ್ಲಿ ಇದು ಹೊಸದೇನಲ್ಲ, ಅಂಗಳದಲ್ಲಿ ಕಲ್ಲಿನಿಂದ ಕಟ್ಟಿದ ಮಾತೆ ಮರಿಯಮ್ಮನ ಗವಿಯ ಮುಂದೆ ಕೂರಿಸಿ ಎಷ್ಟೋ ಮಕ್ಕಳಿಗೆ ಬರೆಸಿದ್ದೇನೆ. ಸಂತೋಷವಾಗಿಯೇ ಕೂತೆ. ಮಗು ಕಣ್ಣು ಬಿಗಿಯಾಗಿ ಮುಚ್ಚಿ ತಾಯಿಯ ಮಡಿಲಲ್ಲಿ ಕೂತಿತು. ಅದರ ಬೆರಳು ಹಿಡಿದು 'ಅ' ಬರೆಸಲು ಶುರುಮಾಡಿದೆ. ಅರ್ಧ ಅಕ್ಷರ ಆಗಿರಬಹುದು. ಮಗು ಕಣ್ಣು ಬಿಟ್ಟು ನನ್ನ ತೋಳಿನ ಬಿಳಿ ಬಟ್ಟೆ ನೋಡಿತು. ಎರಡೂ ಮುಷ್ಟಿ ತುಂಬಾ ಅಕ್ಕಿ ಬಾಚಿ ನನ್ನ ಮೇಲೆ ಎರಚಿತು. ತಲೆಯ ಮೇಲೆ, ಕಿವಿಯಲ್ಲಿ, ಕಾಲರಿನೊಳಗೆ, ಎಲ್ಲಾ ಹಳದಿ ಅಕ್ಕಿ.

ಸಿಸ್ಟರ್ ಸೆರಗಿನಂತೆ ಶಿರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು. "ತಲೆ ಮೇಲೆ ಅಕ್ಷತೆ ಬೀಳಬಾರದು ಅಂತ ತಾನೆ ಫಾದರ್ ನೀವು ಸೆಮಿನರಿ ಸೇರಿದ್ದು? ನೋಡಿ, ತಪ್ಪಲಿಲ್ಲ."

ಡಬ್ಬಿ ಊಟ

ಅಂದು ಸಂಜೆ ಮೇಸ್ತ್ರಿ ಆಕೆಗೆ ಫೋನ್ ಮಾಡಿ ಹೇಳಿದ್ದನಂತೆ: ನಾಳೆ ಬಂದರೆ ಬಾ, ಇಲ್ಲದಿದ್ದರೆ ಬರಲೇಬೇಡ.

ಮಾರನೇ ಬೆಳಿಗ್ಗೆ ಆಕೆ ಮಗುವನ್ನೂ ಬ್ಯಾಗನ್ನೂ ಸಿಸ್ಟರ್ ಕೈಗಿಟ್ಟು, ಹಿಂದೆ ತಿರುಗಿ ನೋಡದೆ ಓಡಿಹೋಗಿ ಗಾಡಿ ಹತ್ತಿದಳು. ತಿರುಗಿ ನೋಡಿದ್ದರೆ ಇಳಿದುಬಿಡುತ್ತಿದ್ದಳು. ಮಗು ಗೇಟಿನ ಕಂಬಿ ಹಿಡಿದು ಅಳಲು ಶುರುಮಾಡಿದ್ದು ಮಧ್ಯಾಹ್ನವಾದರೂ ನಿಲ್ಲಿಸಲಿಲ್ಲ. ಗಂಟಲು ಕಟ್ಟಿತು, ಮೈ ಬೆಚ್ಚಗಾಯಿತು. ಸಿಸ್ಟರ್ ಕೂಡ ನಗುವುದನ್ನು ಬಿಟ್ಟರು.

"ಇದು ಸರಿಹೋಗಲ್ಲ ಫಾದರ್. ಊಟಾನೂ ಮಾಡದೇ ಹೋದ್ರೆ ಅವರಮ್ಮನಿಗೆ ಫೋನ್ ಮಾಡ್ಲೇಬೇಕು."

ಫೋನ್ ಮಾಡಿದರೆ ಆಕೆ ಬರುತ್ತಾಳೆ, ಬಂದರೆ ಕೆಲಸ ಹೋಗುತ್ತದೆ. "ಒಂದು ಐದು ನಿಮಿಷ ಕೊಡಿ ಸಿಸ್ಟರ್" ಎಂದೆ. ನನ್ನ ಹತ್ತಿರ ಯಾವ ಉಪಾಯವೂ ಉಳಿದಿರಲಿಲ್ಲ. ಬಿಳಿ ಅಂಗಿಯಲ್ಲೇ, ಸ್ವಲ್ಪ ದೂರದಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅವಳ ಡಬ್ಬಿ ಬಿಚ್ಚಿದೆ. ರೊಟ್ಟಿ, ಕೆಂಪನೆಯ ಚಟ್ನಿ.

"ಆಹಾಹಾ! ಏನ್ ಘಮ! ನೀನು ತಿನ್ನಲ್ವಾ? ಹಾಗಾದ್ರೆ ನಾನೇ ತಿಂತೀನಪ್ಪ" ಎಂದು ಆಸೆ ಹುಟ್ಟಿಸಲು ದೊಡ್ಡ ತುತ್ತು ಮಾಡಿ, ಚಟ್ನಿಯಲ್ಲಿ ಚೆನ್ನಾಗಿ ಅದ್ದಿ ಬಾಯಿಗೆ ಹಾಕಿಕೊಂಡೆ.

ಆಮೇಲೆ ಗೊತ್ತಾಯಿತು, ಅವಸರದಲ್ಲಿ ತಾಯಿ ಮಗುವಿನ ಮೊಸರನ್ನದ ಡಬ್ಬಿಯನ್ನು ತಾನು ಒಯ್ದು, ತನ್ನ ಡಬ್ಬಿಯನ್ನು ಮಗುವಿನ ಬ್ಯಾಗಿಗೆ ಹಾಕಿದ್ದಳು. ಪಾವಗಡದವರು ತಾವು ತಿನ್ನಲೆಂದು ಅರೆಯುವ ಕಡ್ಲೇಬೀಜದ ಚಟ್ನಿಯಲ್ಲಿ ಕಡ್ಲೇಬೀಜ ನೆಪಕ್ಕೆ ಮಾತ್ರ, ಉಳಿದದ್ದೆಲ್ಲಾ ಮೆಣಸಿನಕಾಯಿ. ಅಯ್ಯೋ ದೇವರೇ! ಕಿವಿಯಲ್ಲಿ ಹೊಗೆ ಬಂತು. ಉಗುಳಿದರೆ ಮಗುವಿನ ಮುಂದೆ ಮಾನ ಹೋಗುತ್ತದೆಂದು ನುಂಗಿದೆ. ಕಣ್ಣಲ್ಲಿ ಧಾರಾಕಾರ, ಮೂಗಲ್ಲಿ ಧಾರಾಕಾರ, ಜೊತೆಗೆ ಬಿಕ್ಕಳಿಕೆ. ಬಿಕ್ಕಿ ಬಿಕ್ಕಿ ಅಳುವವನ ಹಾಗೆಯೇ ಕೂತಿದ್ದೆ.

ಅಳು ನಿಂತಿತು. ನನ್ನದಲ್ಲ, ಮಗುವಿನದು. ಕಂಬಿ ಬಿಟ್ಟು ಒಂದೊಂದೇ ಹೆಜ್ಜೆ ಹತ್ತಿರ ಬಂತು. ಎದೆಗೆ ಪಿನ್ನು ಹಾಕಿದ್ದ ಕರವಸ್ತ್ರದ ತುದಿಯನ್ನು ಎಳೆದು, ಅದು ನನ್ನ ಮುಖಕ್ಕೆ ಎಟುಕದೆ ಹೋದಾಗ ನನ್ನ ಕಾಲರನ್ನೇ ಹಿಡಿದು ಬಗ್ಗಿಸಿಕೊಂಡು, ನನ್ನ ಮೂಗು ಒರೆಸಿತು. ದೊಡ್ಡವರ ದನಿಯಲ್ಲಿ ಹೇಳಿತು:

"ಅಳಬ್ಯಾಡ. ಸಂಜಿಕೆ ನಿಮ್ಮಮ್ಮನೂ ಬತ್ತಾಳೆ."

ಆಗ ನನಗೆ ನಿಜವಾಗಿಯೂ ಅಳು ಬಂತು. ಸಿಸ್ಟರ್ ಆ ಕಡೆ ತಿರುಗಿ ನಿಂತುಬಿಟ್ಟರು. ನಗುತ್ತಿದ್ದರೋ ಮತ್ತೇನೋ, ನನಗೆ ಕಾಣಲಿಲ್ಲ. ಅಡುಗೆಮನೆಯಿಂದ ಅನ್ನ ಮೊಸರು ತರಿಸಿದೆವು. ಮಗು ಒಂದು ತುತ್ತು ತಾನು ತಿಂದು ಒಂದು ತುತ್ತು ನನಗೆ ತಿನ್ನಿಸಿತು. ನಾನು ಬೇಡ ಅಂದರೆ ಕಣ್ಣು ಕೆಕ್ಕರಿಸಿತು. ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ತಾಯಿ ಹಿಂದಿನ ದಿನದ ಹಾಗೆ ಓಡಲಿಲ್ಲ. ಹಾರ್ನ್ ಬಡಿಯುತ್ತಿದ್ದರೂ ಮಗುವಿನ ಕೈ ಬಿಡಲಾರದೆ ನಿಂತಿದ್ದಳು. ಮಗುವೇ ಕೈ ಬಿಡಿಸಿಕೊಂಡಿತು. ನೇರ ಬಂದು ನನ್ನ ಬೆರಳು ಹಿಡಿದುಕೊಂಡು, ತಿರುಗಿ ತಾಯಿಯನ್ನು ಗದರಿತು:

"ನೀನು ಓಗಮ್ಮಾ! ನಾನಿಲ್ಲಾಂದ್ರೆ ಇವ್ನು ಅಳ್ತಾನೆ."