ಸಿಕಂದರನ ಗುಂಡಿ, ಮಿಲಿಂದನ ಸರ

ಹಳೆಯ ನಾಣ್ಯ ಗುರುತಿಸಲು ಬರುತ್ತದೆ ಅಂತ ಊರಿಗೆ ಒಮ್ಮೆ ಗೊತ್ತಾಯಿತೆಂದರೆ ಮುಗಿಯಿತು, ಆಮೇಲೆ ಯಾರೂ ನಿಮಗೆ ಬರಿಗೈಯಲ್ಲಿ ಎದುರಾಗುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಸಿಟಿ ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಕೂತಿದ್ದಾಗಲೂ ಯಾರಾದರೊಬ್ಬರು ಮುಷ್ಟಿ ಬಿಚ್ಚಿ, "ಇದು ಯಾವ ಕಾಲದ್ದು ನೋಡ್ರೀ" ಅಂದಿದ್ದಾರೆ. ಆ ಸಲ ಕೇಳಿದವರು ಡಾಕ್ಟರೇ.

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬಹಮನಿ ನಾಣ್ಯ, ನಿಜಾಮರ ನಾಣ್ಯ ಗುರುತಿಸುವವರು ನಮ್ಮಲ್ಲಿ ಬೇಕಾದಷ್ಟು ಜನ. ಗ್ರೀಕರ ನಾಣ್ಯ ಓದುವವಳು ಮಾತ್ರ ನಾನೊಬ್ಬಳೇ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ. ಮನೆಯವರು ನಗುತ್ತಾರೆ. ನಗಲಿ.

ಅಕ್ಷರಾಭ್ಯಾಸ

ಎಂಬತ್ತರ ದಶಕದ ಮೊದಲ ವರ್ಷಗಳು. ಲೈಬ್ರರಿಯಲ್ಲಿ ಗ್ರೀಕ್ ನಾಣ್ಯಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದು ಸಿಕ್ಕಿತು. ಚಿತ್ರ ಚಂದ, ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಊರಲ್ಲಿ ಗ್ರೀಕ್ ಬಲ್ಲವರು ಯಾರು? ಯೋಚಿಸಿ ಯೋಚಿಸಿ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರ ಮುಂದೆ ಪುಸ್ತಕ ಇಟ್ಟೆ.

"ಇದು ಸಿಗ್ಮಾ, ಇದು ಡೆಲ್ಟಾ, ಇದು ಲ್ಯಾಂಬ್ಡಾ," ಅಂತ ಅವರು ಬೆರಳಿಟ್ಟು ಹೇಳುತ್ತ ಹೋದರು. ನಾನು ಒಂದೊಂದೇ ಅಕ್ಷರ ಕೂಡಿಸುತ್ತ ಓದಿದೆ: ಬಾಸಿಲೆಯೋಸ್, ಅಂದರೆ ರಾಜನ. ಅಲೆಕ್ಸಾಂಡ್ರೂ, ಅಂದರೆ ಅಲೆಕ್ಸಾಂಡರನ, ನಮ್ಮ ಜನರ ಬಾಯಲ್ಲಿ ಸಿಕಂದರನ. ಎರಡು ಸಾವಿರ ವರ್ಷಕ್ಕೂ ಹಿಂದಿನ ರಾಜನೊಬ್ಬ ನಮ್ಮ ಸ್ಟಾಫ್ ರೂಮಿನಲ್ಲಿ ಬಂದು ಕೂತಂತಾಯಿತು.

ಮೇಷ್ಟ್ರು ಮಾತ್ರ ಚಹಾದ ಕಪ್ಪು ಕೆಳಗಿಟ್ಟು ಅಂದರು: "ಅಲ್ಲರೀ ಮೇಡಂ, ಇಷ್ಟ್ ವರ್ಷದಿಂದ ಬೋರ್ಡಿನ ಮ್ಯಾಲ ಇವೇ ಅಕ್ಷರ ಬರೀಲಾಕತ್ತೀನಿ. ಇವಕ್ಕ ಅರ್ಥಾನೂ ಇರ್ತದ ಅಂತ ಇವತ್ತೇ ಗೊತ್ತಾತು ನೋಡ್ರಿ!"

ಗಾಜಿಪುರದ ಸಂಶೋಧನೆ

ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಓಣಿಯ ಬಟ್ಟೆ ವ್ಯಾಪಾರಿಯೊಬ್ಬರು ಬಚ್ಚಲು ಕಟ್ಟಿಸಲು ನೆಲ ಅಗೆಸಿದಾಗ ದುಂಡನೆಯದೊಂದು ಸಿಕ್ಕಿತು. ಸಿಕಂದರನ ನಾಣ್ಯದಲ್ಲಿ ಸಿಂಹದ ಚರ್ಮ ಹೊದ್ದ ತಲೆ ಇರುತ್ತದೆ ಅಂತ ನಾನೇ ಯಾವಾಗಲೋ ಅವರಿಗೆ ಹೇಳಿದ್ದೆ. ಆ ಮಾತು ಅವರ ಮನಸ್ಸಿನಲ್ಲಿ ಕೂತಿತ್ತು. ರೇಷ್ಮೆ ತುಂಡಿನಲ್ಲಿ ಸುತ್ತಿಕೊಂಡು ಓಡಿಬಂದರು.

"ಸಿಂಹ ಅದ ನೋಡ್ರಿ! ಸಿಕಂದರ್ ನಮ್ಮ ಬಚ್ಚಲದಾಗ ಇದ್ದನಲ್ರೀ!"

ಸಿಂಹವೇನೋ ಇತ್ತು. ತಿರುಗಿಸಿ ನೋಡಿದೆ, ಹಿಂದೆ ದಾರ ಪೋಣಿಸುವ ಕೊಂಡಿಯೂ ಇತ್ತು. ಯಾವುದೋ ಸಿಪಾಯಿಯ ಕೋಟಿನ ಹಿತ್ತಾಳೆ ಗುಂಡಿ. ಅವರ ಮುಖ ನೋಡಿ ಹೇಳಲು ಮನಸ್ಸಾಗಲಿಲ್ಲ, ಆದರೂ ಮೆಲ್ಲಗೆ, "ಇದು ನಾಣ್ಯ ಅಲ್ಲರೀ, ಗುಂಡಿ," ಅಂದೆ.

ಒಂದು ಕ್ಷಣ ಮುಖ ಬಾಡಿತು. ಮರುಕ್ಷಣ ಇನ್ನಷ್ಟು ಅರಳಿತು. "ಅಂದ್ರ ಸಿಕಂದರನ ಕೋಟಿನ ಗುಂಡಿ! ನಾಣ್ಯ ಎಲ್ಲಾರ ಹಂತ್ಯಾಕೂ ಇರ್ತಾವರೀ ಮೇಡಂ. ಗುಂಡಿ ಯಾರ ಹಂತ್ಯಾಕ ಅದ ಹೇಳ್ರಿ ನೋಡೋಣ?"

ಮೂರು ಗೂಬೆಗಳು

ಒಂದು ಭಾನುವಾರ ಒಬ್ಬ ಅಪರಿಚಿತ ಮನೆಗೆ ಬಂದ. ಅವನ ಅಂಗೈಯಲ್ಲಿ ಥಳಥಳಿಸುವ ಬೆಳ್ಳಿ ನಾಣ್ಯ, ಅದರ ಮೇಲೆ ಗೂಬೆ. ಅಥೆನ್ಸ್ ಪಟ್ಟಣದ ಹೆಸರುವಾಸಿ ನಾಣ್ಯ ಅದು. "ಕಮಲಾಪುರದ ಕಡೆ ಹೊಲದಾಗ ಸಿಕ್ಕದರೀ. ಬೆಲಿ ಕಟ್ಟಿ ಕೊಟ್ರ ನಿಮಗೂ ಪುಣ್ಯ ಬರ್ತದ," ಅಂದ. ಒಳಗಿನಿಂದ ಅತ್ತೆ, "ಗೂಬಿ ಮನಿಯೊಳಗ ತರಬ್ಯಾಡ, ಕಟ್ಟಿ ಮ್ಯಾಲೇ ನೋಡು," ಅಂದರು.

ಕಟ್ಟೆಯ ಮೇಲೆ ಕೂತು ಭೂತಗನ್ನಡಿ ಹಿಡಿದೆ. ಗ್ರೀಕರು ಒಂದೊಂದು ನಾಣ್ಯವನ್ನೂ ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಒಂದರಂತೆ ಇನ್ನೊಂದು ಇರುವುದಿಲ್ಲ. ಇದರ ಅಂಚಿನ ಸುತ್ತ ಮಾತ್ರ ಸಣ್ಣ ಗೆರೆ ಓಡಿತ್ತು, ಎರಡು ಭಾಗದ ಅಚ್ಚಿನಲ್ಲಿ ಎರಕ ಹೊಯ್ದರೆ ಉಳಿಯುವಂಥದ್ದು. ನಾನು ಏನೂ ತೋರಗೊಡದೆ ಕೇಳಿದೆ, "ಇಂಥವು ಇನ್ನೂ ಅವ ಏನು?"

ಅವನ ಮುಖ ಅರಳಿತು. ಜೇಬಿನಿಂದ ಇನ್ನೆರಡು ತೆಗೆದಿಟ್ಟ. ಮೂರೂ ಗೂಬೆಗಳ ಎಡಗಣ್ಣಿನ ಕೆಳಗೆ ಅದೇ ಗೀರು, ಅಷ್ಟೇ ಉದ್ದ.

"ಮೂರಕ್ಕೂ ಒಂದೇ ಕಡಿ ಗೀರು ಹ್ಯಾಂಗ ಬಂತಪ್ಪ?"

ಅವನು ತಡವರಿಸಲೇ ಇಲ್ಲ. "ಒಂದೇ ತಾಯಿ ಮಕ್ಕಳು ಒಂದೇ ನಮೂನಿ ಇರಂಗಿಲ್ಲೇನ್ರೀ?"

ಒಳಗಿನಿಂದ ಅತ್ತೆಯ ಧ್ವನಿ ಬಂತು: "ಹಂಗಾದ್ರ ಆ ತಾಯಿ ನಿಮ್ಮ ಮನ್ಯಾಗೇ ಇರಬೇಕು. ಮುಂದಿನ ಸಲ ಅಕಿನ್ನೂ ಕರಕೊಂಡು ಬಾ!"

ಅವಸರದ ತೀರ್ಪು

ತೊಂಬತ್ತರ ದಶಕದಲ್ಲಿ ಕಮಲಾಪುರದ ಕೆಂಪು ಬಾಳೆಯ ಬೆಳೆಗಾರರೊಬ್ಬರು ಒಂದು ಚಿಪ್ಪು ಹಣ್ಣಿನ ಜೊತೆ ಒಂದು ನಾಣ್ಯ ತಂದರು. ಹಡಗಿನಲ್ಲಿ ಕೆಲಸ ಮಾಡುವ ಅಳಿಯ ಕೊಟ್ಟದ್ದಂತೆ. ನೋಡಿದರೆ ಸಿಕಂದರನದೇ ಮುಖ, ಸುತ್ತಲೂ ಗ್ರೀಕ್ ಅಕ್ಷರ. "ಅಲೆಕ್ಸಾಂಡ್ರೋಸ್" ಅಂತ ಓದುತ್ತಲೇ ಭೂತಗನ್ನಡಿಗೆ ಕೈ ಹಾಕಿದೆ. ತಿರುಗಿಸಿದಾಗ ಇಸವಿ ಕಂಡಿತು. ಅಚ್ಚಾಗಿ ಮೂರು ವರ್ಷವೂ ಆಗಿರಲಿಲ್ಲ.

"ಇದು ಈಗಿನ ಗ್ರೀಸ್ ದೇಶದ ಚಿಲ್ಲರೆ ರೀ," ಅಂದೆ.

"ಅಂದ್ರ ಸಿಕಂದರ್ ಇನ್ನೂ ಆಳ್ಲಾಕತ್ತಾನೇನು?"

"ಇಲ್ಲರೀ, ನಾವು ಗಾಂಧೀಜಿ ಮುಖ ಹಾಕಂಗಿಲ್ಲೇನು, ಹಂಗ. ಹಳೀದಲ್ಲ ಇದು."

ಅವರು ಒಪ್ಪಲಿಲ್ಲ, ಹಣ್ಣು ಮಾತ್ರ ಬಿಟ್ಟು ಹೋದರು. ಎಷ್ಟೋ ವರ್ಷದ ಮೇಲೆ ಗ್ರೀಸ್ ತನ್ನ ನಾಣ್ಯವನ್ನೇ ಕೈಬಿಟ್ಟು ಯೂರೋ ಹಿಡಿಯಿತು. ಅದೇ ವಾರ ಅವರು ಮತ್ತೆ ಹಾಜರ್.

"ಪೇಪರಿನ್ಯಾಗ ಓದಿದೆರೀ. ಈಗರ ಅದು ಹಳೇ ನಾಣ್ಯ ಆತಿಲ್ಲೋ? ನಾ ಹೇಳಿದ್ದು ಖರೇನೇ ಇತ್ತು ಮೇಡಂ, ನೀವೇ ಜರಾ ಅವಸರ ಮಾಡಿದ್ರಿ."

ರಾಣಿಯರ ನಡುವಿನ ಗಂಡಸು

ಅನುಮಾನದ ನಾಣ್ಯ ತೂಗಬೇಕಾದಾಗ ನಾನು ಸರಾಫ್ ಬಜಾರಿನ ಬೆಳ್ಳಿ ಅಂಗಡಿಯೊಂದಕ್ಕೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿ ಕಮಲಾಪುರದ ಒಬ್ಬರು, ಸರ್ಕಾರಿ ನೌಕರಿಯವರು, ತಾಯಿಯ ಹಳೆಯ ನಾಣ್ಯದ ಸರ ಕರಗಿಸಿ ಮಗಳಿಗೆ ಕಾಲ್ಗೆಜ್ಜೆ ಮಾಡಿಸಲು ಕೂತಿದ್ದರು. ಸರದ ತುಂಬ ವಿಕ್ಟೋರಿಯಾ ರಾಣಿಯರು. ಅಂಗಡಿಯವರು ಒಂದೊಂದೇ ಬಿಡಿಸಿ ಮೂಸೆಗೆ ಹಾಕುತ್ತಿದ್ದರು. ಚಿಮಟದಲ್ಲಿ ಸಣ್ಣದೊಂದು ನಾಣ್ಯ ಬಂತು. ಅದರ ಮೇಲೆ ರಾಣಿ ಇರಲಿಲ್ಲ, ತಲೆಗೆ ಪಟ್ಟಿ ಕಟ್ಟಿದ ಗಂಡಸಿದ್ದ.

"ನಿಲ್ಲಸ್ರೀ!" ಅಂತ ನಾನು ಕೂಗಿದ ರಭಸಕ್ಕೆ ಚಿಮಟ ಕೆಳಗೆ ಬಿತ್ತು. ಪಕ್ಕದ ಅಂಗಡಿಯವರು ಕಳ್ಳತನ ಆಯಿತೆಂದು ಷಟರ್ ಎಳೆದರು.

ನೆಲದ ಮೇಲೆ ಕೂತು ನಾಣ್ಯ ಹುಡುಕಿದೆ. ಅಂಚಿನಲ್ಲಿ ಎರಕದ ಗೆರೆ ಇಲ್ಲ. ಸರಕ್ಕೆಂದು ಬೆಸೆದ ಕೊಂಡಿ ಬಿಟ್ಟರೆ ತೂಕ ಸರಿಯಾಗಿದೆ. ಒಂದು ಬದಿ ಗ್ರೀಕ್, ಇನ್ನೊಂದು ಬದಿ ಸಿಡಿಲು ಎಸೆಯುವ ದೇವಿ, ಅವಳ ಸುತ್ತ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿ. ಬಾಸಿಲೆಯೋಸ್, ಸೋಟೆರೋಸ್, ಮೆನಾಂಡ್ರೂ: ರಾಜನ, ರಕ್ಷಕನ, ಮಿನಾಂಡರನ. ನಮ್ಮ ದೇಶದ ವಾಯವ್ಯದಲ್ಲಿ ಆಳಿದ ಗ್ರೀಕ್ ರಾಜ ಮಿನಾಂಡರ್! ಇಷ್ಟು ವರ್ಷ ಗುಂಡಿ, ಎರಕದ ಗೂಬೆ ನೋಡಿದ ಕಣ್ಣಿಗೆ ಕೊನೆಗೂ ಅಸಲಿ ಸಿಕ್ಕಿತ್ತು. ಕಣ್ಣಲ್ಲಿ ನೀರು ಬಂತು.

"ಮೇಡಂ, ನಿಮ್ದೇನರ ಕಳದದೇನು?" ಅಂತ ಸರ ತಂದ ಆ ನೌಕರಿಯವರು ಗಾಬರಿಯಿಂದ ಕೇಳಿದರು.

"ನಿಮ್ದು ಕಳೀತಿತ್ತರೀ!"

ರಾಣಿಯರನ್ನು ಗೆಜ್ಜೆಗೆ ಬಿಟ್ಟು, ರಾಜನನ್ನು ಕರೆದುಕೊಂಡು ಇಬ್ಬರೂ ಕಮಲಾಪುರದ ಬಸ್ ಹತ್ತಿದೆವು. ಅವರ ತಾಯಿ ಬರಿ ಕೊರಳಲ್ಲಿ ಬಾಗಿಲಲ್ಲೇ ಕೂತಿದ್ದರು. ಮೊಮ್ಮಗಳ ಸಲುವಾಗಿ ಸರ ಕೊಟ್ಟಿದ್ದರೂ ಮುಖದಲ್ಲಿ ಸಿಟ್ಟು ಹೋಗಿರಲಿಲ್ಲ. ಅಜ್ಜಿಯ ಮಾವ ಮುಂಬೈ ಮಿಲ್ಲಿನಲ್ಲಿದ್ದಾಗ ಅಲ್ಲಿಯ ಹಳೇ ಬಜಾರಿನಲ್ಲಿ ಕೊಂಡು ತಂದ ನಾಣ್ಯವಂತೆ ಅದು. ಬೌದ್ಧರ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಓಣಿಯ ಜನ ಸೇರಿದರು.

"ಅಮ್ಮಾ, ಬಲ್ಲವರು ಇದಕ್ಕ ಬೆಳ್ಳಿಯ ನೂರು ಪಟ್ಟು ಬೆಲಿ ಕೊಡ್ತಾರ. ಕೊಂಡಿ ಬೆಸದಿದ್ದಕ್ಕ ಜರಾ ಕಡಿಮಿ ಆಗ್ತದ ಅಷ್ಟೇ," ಅಂದೆ ನಾನು.

"ಕೊಂಡಿ ಇದ್ದಿಲ್ಲಂದ್ರ ಎಂದೋ ಕಳೀತಿತ್ತವ್ವ. ಮಾರಾಂಗಿಲ್ಲ ಬಿಡು. ಯಾರಿಂವ?"

"ಮಿನಾಂಡರ್ ರಾಜ. ನೀವು ಮಿಲಿಂದ ಅಂತೀರಲ್ಲ, ಅಂವ."

ಅಜ್ಜಿ ಎದ್ದು ನಿಂತರು. "ಭಿಕ್ಷು ನಾಗಸೇನರಿಗೆ ಪ್ರಶ್ನಾ ಮ್ಯಾಲ ಪ್ರಶ್ನಾ ಕೇಳಿದ ಮಿಲಿಂದ? ನಮ್ಮ ಭಂತೇಜಿ ವಿಹಾರದಾಗ ಹೇಳ್ತಾರ!"

"ಅಂವನೇ."

ನಾಣ್ಯ ಅಂಗೈಯಲ್ಲಿ ಹಿಡಿದು ಅಜ್ಜಿ ಓಣಿಯವರಿಗೆಲ್ಲ ಒಂದು ಸುತ್ತು ತೋರಿಸಿದರು. ಆಮೇಲೆ ಗಂಭೀರವಾಗಿ ಅಂದರು: "ಅಂಥಾ ನಾಗಸೇನರಿಗೇ ಅಷ್ಟು ಪ್ರಶ್ನಾ ಕೇಳಿದಾಂವ, ಇಷ್ಟ್ ವರ್ಷ ನನ್ನ ಕೊಳ್ಳಾಗ ಕುಂತು ಒಂದು ಮಾತೂ ಆಡಿಲ್ಲ ನೋಡ್ರಿ. ನನ್ನ ಮುಂದ ಯಾವ ಗಂಡಸಿನ ಬಾಯಿ ನಡದದ ಹೇಳ್ರಿ!"